ದೂರು ಯಾರ ಹತ್ರ ಹೇಳೋದು? ನರಸಾಪುರದ ಫ್ಯಾಕ್ಟರಿಯ ಕತೆ

2020ರ ಡಿಸೆಂಬರ್ 12, ಶನಿವಾರ. ಬೆಳಿಗ್ಗೆ ಆರರ ಸುಮಾರು. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ವಿಸ್ಟ್ರಾನ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಯುವ ಹೊತ್ತು. ಆಪಲ್ ಕಂಪನಿಯ ಐಫೋನ್ ಜೋಡಿಸುವ ಜಾಗ ಅದು. ಪಾಳಿ ಮುಗಿಸಿ ರೂಮಿಗೆ ಹೋಗಿ ಮಲಗಬೇಕಿದ್ದವರು ಆವತ್ತು ಹೋಗಲಿಲ್ಲ. ಕಚೇರಿಯ ಗಾಜು ಒಡೆದರು. ಕಾರುಗಳನ್ನು ಮಗುಚಿದರು. ಕೈಗೆ ಸಿಕ್ಕಿದ ಸಾಮಾನು ಪುಡಿ ಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ವಿಡಿಯೊ ಊರಿನವರ ಮೊಬೈಲಿಗೆಲ್ಲ ಬಂದಿತ್ತು.

ಆಗ ಎರಡೇ ಮಾತು ಕೇಳಿಬರುತ್ತಿದ್ದವು. ‘ಕೆಲಸ ಕೊಟ್ಟ ಕಂಪನಿಗೇ ಕಲ್ಲು ಹೊಡೀತಾರಾ’ ಅಂತ ಒಂದು. ‘ಸಂಬಳ ಕೊಡದೆ ದುಡಿಸಿಕೊಂಡರೆ ಇನ್ನೇನು ಪೂಜೆ ಮಾಡ್ತಾರಾ’ ಅಂತ ಇನ್ನೊಂದು. ಎರಡರಿಂದಲೂ ತಿಳಿಯುವುದು ಕಡಿಮೆ. ಒಡೆದದ್ದು ತಪ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹತ್ತು ಸಾವಿರ ಜನ ಕೆಲಸ ಮಾಡುವ ಕಡೆ, ಸಂಬಳ ಸರಿಯಿಲ್ಲ ಅನ್ನುವ ಮಾತು ಎರಡು ತಿಂಗಳು ಎಲ್ಲಿ ಸುತ್ತಾಡುತ್ತಿತ್ತು? ಅದು ಯಾರ ಕಿವಿಗೂ ಬೀಳದೆ ಕೊನೆಗೆ ಕಿಟಕಿ ಗಾಜಿಗೆ ಬಿದ್ದದ್ದು ಹೇಗೆ? ನನಗೆ ಆವತ್ತಿನಿಂದ ಇರುವ ಪ್ರಶ್ನೆ ಇದು.

ಬಾಸ್ ಬಗ್ಗೆ ಗೊಣಗದ ನೌಕರ ಎಲ್ಲೂ ಇಲ್ಲ. ಟೀ ಅಂಗಡಿ ಮುಂದೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ದಿನಾ ಗೊಣಗುತ್ತೇವೆ. ಆ ಮಾತೆಲ್ಲ ಅಲ್ಲೇ ಆರಿಹೋಗುತ್ತದೆ. ನರಸಾಪುರದ ಗೊಣಗಾಟ ಮಾತ್ರ ಸರ್ಕಾರದ ವರದಿಗೆ ಹೋಯಿತು, ಪತ್ರಿಕೆಗಳಿಗೆ ಹೋಯಿತು, ಕೊನೆಗೆ ಆಪಲ್ ಕಂಪನಿಯ ಹೇಳಿಕೆಗೂ ಹೋಯಿತು. ಹಾಗಾಗಿ ಅದನ್ನು ಬಿಚ್ಚಿ ನೋಡಲು ಆಗುತ್ತದೆ.

ಮೊದಲು ಜಾಗದ ಬಗ್ಗೆ ಸ್ವಲ್ಪ. ನರಸಾಪುರ ಇರುವುದು ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ. ಹೋಂಡಾ ದ್ವಿಚಕ್ರ ವಾಹನದ ಫ್ಯಾಕ್ಟರಿ ಇರುವುದೂ ಇಲ್ಲೇ. ಕೋಲಾರ ಜಿಲ್ಲೆಗೆ ಕೆಲಸದ ಹಸಿವು ಹಳೆಯದು. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಬಂಗಾರಪೇಟೆ, ಮಾಲೂರಿನವರು ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ವರ್ಷಗಟ್ಟಲೆಯಿಂದ ನಡೆದಿದೆ. ಇಂಥ ಕಡೆ 43 ಎಕರೆಯಲ್ಲಿ, ಸುಮಾರು 2,900 ಕೋಟಿ ರೂಪಾಯಿ ಹೂಡಿಕೆಯಲ್ಲಿ, ಹತ್ತು ಸಾವಿರಕ್ಕೂ ಜಾಸ್ತಿ ಜನರಿಗೆ ಕೆಲಸ ಕೊಡುತ್ತೇವೆ ಅಂತ ಒಂದು ತೈವಾನ್ ಕಂಪನಿ ಬಂತು. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಐಫೋನ್ ಕಂಪನಿ! ಡಿಪ್ಲೊಮಾ, ಐಟಿಐ, ಬಿಇ ಮುಗಿಸಿದವರು ಸಾಲಾಗಿ ಸೇರಿದರು. ಲಾಕ್‌ಡೌನ್ ಹೊಡೆತ ತಿಂದ ವರ್ಷ ಬೇರೆ. ಬೇರೆ ಕಡೆ ಕೆಲಸ ಹೋಗುತ್ತಿದ್ದಾಗ ಇಲ್ಲಿ ಕರೆದು ಕೊಡುತ್ತಿದ್ದರು.

ಕಂಪನಿಗೂ ಅವಸರ ಇತ್ತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಪಿಎಲ್‌ಐ ಯೋಜನೆಗೆ ಆಯ್ಕೆಯಾದ ಮೊಬೈಲ್ ತಯಾರಕರಲ್ಲಿ ವಿಸ್ಟ್ರಾನ್ ಕೂಡ ಒಂದು. ಹಿಂದಿಗಿಂತ ಎಷ್ಟು ಹೆಚ್ಚು ತಯಾರಿಸಿ ಮಾರುತ್ತಾರೋ ಅದರ ಮೇಲೆ ನೂರಕ್ಕೆ 4ರಿಂದ 6ರಷ್ಟು ಪ್ರೋತ್ಸಾಹಧನ. ಅಂದರೆ ಲೈನ್ ಓಡಬೇಕು, ಜಾಸ್ತಿ ಓಡಬೇಕು. ಸ್ವಲ್ಪ ದಿನದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತು. ಈ ಅಂಕಿ ಆಮೇಲೆ ತನಿಖೆಗೆ ಹೋದ ಕರ್ನಾಟಕದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ವರದಿಯಲ್ಲಿದೆ. ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಜನ ಇಮ್ಮಡಿಯಾದರೂ ಅವರನ್ನು ನೋಡಿಕೊಳ್ಳುವ ಎಚ್‌ಆರ್ ವಿಭಾಗ ಅದಕ್ಕೆ ತಕ್ಕ ಹಾಗೆ ಬೆಳೆಯಲಿಲ್ಲ. ಕಾರ್ಮಿಕ ಕಾನೂನು ಗೊತ್ತಿರುವವರು ಅಲ್ಲಿ ಸಾಕಷ್ಟು ಇರಲಿಲ್ಲ.

ಮದುವೆ ಮನೆಗೆ ಐನೂರು ಜನ ಅಂತ ಅಡುಗೆ ಮಾಡಿಸಿ, ಸಾವಿರ ಜನ ಬಂದ ಮೇಲೂ ಬಡಿಸುವವರು ಹತ್ತೇ ಜನ ಇದ್ದರೆ ಏನಾಗುತ್ತದೆ? ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಅನ್ನ ಬರುವುದಿಲ್ಲ. ಅವನು ಕೂಗಿದರೂ ಕೇಳಿಸುವುದಿಲ್ಲ.

ಹಾಜರಾತಿ ಯಂತ್ರ ಮತ್ತು ಹನ್ನೆರಡು ಗಂಟೆ

ಅಕ್ಟೋಬರ್‌ನಲ್ಲಿ ಎರಡು ಕೆಲಸ ಒಟ್ಟಿಗೆ ಕೆಟ್ಟವು. ಒಂದು, ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಯಿತು. ಇನ್ನೊಂದು, ಹಾಜರಾತಿ ದಾಖಲಿಸುವ ವ್ಯವಸ್ಥೆ ಸರಿಯಾಗಿ ನಡೆಯಲಿಲ್ಲ. ಬಂದವರ ಹಾಜರಾತಿ ಬೀಳುತ್ತಿರಲಿಲ್ಲ. ತೊಂದರೆ ಇದೆ ಅಂತ ಗೊತ್ತಾದ ಮೇಲೂ ಅದನ್ನು ರಿಪೇರಿ ಮಾಡಿಸಲಿಲ್ಲ ಅಂತ ಇಲಾಖೆ ಬರೆಯಿತು.

ಬೇರೆ ಬೇರೆಯಾಗಿ ನೋಡಿದರೆ ಇವು ಎರಡು ಸಣ್ಣ ತೊಂದರೆ. ಒಟ್ಟಿಗೆ ಬಂದಾಗ ಏನಾಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಇದು ನನ್ನ ಲೆಕ್ಕ, ಅಲ್ಲಿನ ಪೇಸ್ಲಿಪ್ ಅಲ್ಲ. ತಿಂಗಳಿಗೆ 12,000 ರೂಪಾಯಿ, 26 ದಿನದ ಕೆಲಸ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು 460. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 58. ಆಗಿನ ಕಾರ್ಖಾನೆ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕು. ಬಿಡುವಿನ ಹೊತ್ತು ಕಳೆದು ದಿನಕ್ಕೆ ಎರಡೇ ಗಂಟೆ ಓಟಿ ಅಂದರೂ ಇನ್ನು 230 ರೂಪಾಯಿ. ಈಗ ಯಂತ್ರ ಒಂದು ದಿನದ ಹಾಜರಾತಿ ನುಂಗಿದರೆ ಹೋಗುವುದು 690. ಐದು ದಿನ ನುಂಗಿದರೆ ಮೂರೂವರೆ ಸಾವಿರದ ಹತ್ತಿರ. ಪಿಜಿ ಬಾಡಿಗೆ ಕಟ್ಟಿ ಊರಿಗೆ ದುಡ್ಡು ಕಳಿಸುವವನಿಗೆ ಅದು ತಿಂಗಳ ಸಂಬಳದ ಕಾಲುಭಾಗಕ್ಕಿಂತ ಜಾಸ್ತಿ.

ಇನ್ನೂ ಕಷ್ಟದ್ದು ಒಂದಿದೆ. ಹನ್ನೆರಡು ಗಂಟೆ ಪಾಳಿಗೆ ಸಂಬಳ ಹೇಗೆ ಲೆಕ್ಕ ಹಾಕುತ್ತಾರೆ, ಓಟಿ ಅದರೊಳಗೇ ಸೇರಿದೆಯಾ ಬೇರೆ ಬರುತ್ತದಾ ಅನ್ನುವುದು ಕೆಲಸಗಾರರಿಗೆ ಸ್ಪಷ್ಟವಾಗಿರಲಿಲ್ಲ. ದುಡ್ಡು ಕಡಿಮೆ ಬಿತ್ತು ಅಂತ ಗೊತ್ತಾಗುತ್ತದೆ. ಎಷ್ಟು ಕಡಿಮೆ ಬಿತ್ತು ಅಂತ ಹೇಳಲು ಆಗುವುದಿಲ್ಲ. ಇದನ್ನು ಅನುಭವಿಸಿದವರಿಗೇ ಗೊತ್ತು. ನನ್ನ ಮೊದಲ ಕೆಲಸದಲ್ಲಿ ಒಮ್ಮೆ ಎರಡು ದಿನದ ಸಂಬಳ ಹಿಡಿದಿದ್ದರು. ಎರಡು ದಿನದ ದುಡ್ಡಿಗಿಂತ ಹೊಟ್ಟೆ ಉರಿಸಿದ್ದು, ಯಾಕೆ ಹಿಡಿದರು ಅಂತ ಆ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲದೆ ಇದ್ದದ್ದು. ‘ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ’ ಅಂದರು. ಸಿಸ್ಟಮ್ ಜೊತೆ ಜಗಳ ಆಡೋದು ಹೇಗೆ?

ನರಸಾಪುರದ ಕೆಲಸಗಾರರು ಆಗ ಪತ್ರಿಕೆಗಳಿಗೆ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು. ಎಂಜಿನಿಯರಿಂಗ್ ಮುಗಿಸಿದವರಿಗೆ 21,000 ಅಂತ ಹೇಳಿ ಸೇರಿಸಿಕೊಂಡು, ಅದು 16,000ಕ್ಕೆ, ಆಮೇಲೆ 12,000ಕ್ಕೆ ಇಳಿಯಿತು ಅಂದರು. ಬೇರೆ ಪದವಿಯವರಿಗೆ 8,000 ಇದ್ದದ್ದು 5,000ಕ್ಕೆ ಬಂತು ಅಂದರು. ಕೆಲವರ ಖಾತೆಗೆ ಬರೀ 500 ರೂಪಾಯಿ ಬಿದ್ದಿತ್ತು ಅನ್ನುವ ಮಾತೂ ಇತ್ತು. ಇವು ಕೆಲಸಗಾರರ ಹೇಳಿಕೆಗಳು. ಪ್ರತಿಯೊಂದೂ ಪೈಸೆ ಪೈಸೆಗೆ ನಿಜ ಅಂತ ನಾನು ಹೇಳಲಾರೆ. ಆದರೆ ಕೆಲವರಿಗೆ ಸಂಬಳ ಸರಿಯಾಗಿ ಅಥವಾ ಸರಿಯಾದ ಹೊತ್ತಿಗೆ ಸಿಕ್ಕಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು.

ವರದಿಯಲ್ಲಿ ಇನ್ನೂ ಎರಡು ವಿಷಯ ಇದ್ದವು, ಅವು ಅಷ್ಟಾಗಿ ಸುದ್ದಿಯಾಗಲಿಲ್ಲ. ಕಾನೂನಿನ ಪ್ರಕಾರ ಬೇಕಾದ ಅನುಮತಿ ಇಲ್ಲದೆ ಹೆಣ್ಣುಮಕ್ಕಳಿಂದ ಓಟಿ ಮಾಡಿಸಿದ್ದು ಒಂದು. ಹೌಸ್‌ಕೀಪಿಂಗ್‌ನವರಿಗೆ ಪೂರ್ತಿ ಸಂಬಳ ಕೊಡದೆ ಇದ್ದದ್ದು ಇನ್ನೊಂದು. ಐಫೋನ್ ಜೋಡಿಸುವವರ ದೂರಾದರೂ ಟಿವಿಗೆ ಬಂತು. ನೆಲ ಒರೆಸುವವರ ದೂರು ವರದಿಯ ಒಂದು ಸಾಲಿನಲ್ಲಿ ಕೂತುಬಿಟ್ಟಿತು.

ಆರು ಏಜೆನ್ಸಿ, ಒಂದು ಗೇಟು

ನನ್ನ ಪ್ರಕಾರ ಈ ಪ್ರಕರಣದ ಹೊಟ್ಟೆ ಇರುವುದು ಇಲ್ಲಿ.

ಘಟನೆಯ ಹೊತ್ತಿಗೆ ಅಲ್ಲಿ ಕಂಪನಿಯ ಕಾಯಂ ನೌಕರರು 1,343 ಜನ. ಗುತ್ತಿಗೆಯವರು 8,490. ಆ ಗುತ್ತಿಗೆಯವರನ್ನು ಕೊಟ್ಟದ್ದು ಆರು ಏಜೆನ್ಸಿಗಳು. ಒಂದೇ ಲೈನಿನಲ್ಲಿ ಪಕ್ಕಪಕ್ಕ ನಿಂತು ಒಂದೇ ಫೋನಿಗೆ ಸ್ಕ್ರೂ ಹಾಕುವ ಇಬ್ಬರಿಗೆ ಎರಡು ಬೇರೆ ಏಜೆನ್ಸಿ ಇರಬಹುದು. ಕೆಲಸ ಹೇಳುವ ಸೂಪರ್‌ವೈಸರ್ ಕಂಪನಿಯವನು. ಹಾಜರಾತಿ ಹಾಕಿಕೊಳ್ಳುವುದು ಕಂಪನಿಯ ಗೇಟಿನಲ್ಲಿ. ಸಂಬಳ ಹಾಕುವುದು ಏಜೆನ್ಸಿ.

ಈಗ ಸಂಬಳ ಕಡಿಮೆ ಬಿತ್ತು ಅಂತಿಟ್ಟುಕೊಳ್ಳಿ. ಸೂಪರ್‌ವೈಸರ್‌ಗೆ ಹೇಳಿದರೆ, ‘ನನ್ನ ಕೈಯಲ್ಲಿ ಏನಿಲ್ಲಪ್ಪ, ಏಜೆನ್ಸಿಯವರನ್ನ ಕೇಳು.’ ಏಜೆನ್ಸಿಯವನಿಗೆ ಫೋನ್ ಮಾಡಿದರೆ, ‘ಕಂಪನಿ ಕಳಿಸಿದ ಹಾಜರಾತಿ ಪ್ರಕಾರ ಹಾಕಿದೀವಿ, ಅಲ್ಲೇ ಕೇಳಿ.’ ಕಂಪನಿಯ ಎಚ್‌ಆರ್ ಹತ್ರ ಹೋದರೆ, ‘ನೀನು ನಮ್ಮ ರೋಲ್‌ನಲ್ಲಿ ಇಲ್ಲ.’ ಇದು ನರಸಾಪುರದ ಒಬ್ಬರು ಆಡಿದ ಮಾತು ಅಂತ ಹೇಳುತ್ತಿಲ್ಲ. ಗುತ್ತಿಗೆ ಮೇಲೆ ಎಲ್ಲಿ ಕೆಲಸ ಮಾಡಿದವರನ್ನು ಕೇಳಿದರೂ ಈ ಮೂರು ಉತ್ತರ ಬಾಯಿಪಾಠ ಇರುತ್ತದೆ. ಮೂವರೂ ಸುಳ್ಳು ಹೇಳುತ್ತಿಲ್ಲ ಅನ್ನುವುದೇ ಇದರ ತಮಾಷೆ. ಅವರವರ ಮಟ್ಟಿಗೆ ಎಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ.

ಬಾಸ್ ಕೆಟ್ಟವನು ಅಂದರೆ ಬೈಯಬಹುದು. ಬಾಸ್ ಯಾರು ಅಂತಲೇ ಗೊತ್ತಾಗದಿದ್ದರೆ ಯಾರನ್ನು ಬೈಯುವುದು? ನೌಕರರು ದೂರುವುದು ಬೈಗುಳಕ್ಕೆ, ಸಂಬಳಕ್ಕೆ, ಕೆಲಸದ ಹೊರೆಗೆ ಅಂತ ಪಟ್ಟಿ ಮಾಡುತ್ತಾರೆ. ಅದೆಲ್ಲ ಸರಿ. ಆದರೆ ದೂರು ಕೊಳೆತು ವಿಷವಾಗುವುದು ಹೇಳಿಕೊಳ್ಳಲು ಒಂದು ಮುಖ ಸಿಗದೆ ಇದ್ದಾಗ. ನರಸಾಪುರದಲ್ಲಿ ಮುಖ ಇರಲಿಲ್ಲ, ಗೇಟು ಮಾತ್ರ ಇತ್ತು.

ಕಾನೂನು ಈ ಸುತ್ತಾಟವನ್ನು ಮೊದಲೇ ಊಹಿಸಿತ್ತು ಅನ್ನುವುದನ್ನು ಮರೆಯಬಾರದು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ನೋಡಿ. ಸಂಬಳ ಕೊಡುವ ಹೊಣೆ ಗುತ್ತಿಗೆದಾರನದ್ದು. ಅವನು ಕೊಡುವಾಗ ಮೂಲ ಮಾಲೀಕನ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯ, ಪ್ರತಿನಿಧಿ ಅಲ್ಲಿರಬೇಕು. ಗುತ್ತಿಗೆದಾರ ಕೊಡದಿದ್ದರೆ, ಕಡಿಮೆ ಕೊಟ್ಟರೆ, ಮೂಲ ಮಾಲೀಕನೇ ಕೊಡಬೇಕು. ಆಮೇಲೆ ಅವನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಅಂದರೆ ‘ಏಜೆನ್ಸಿಯವರನ್ನ ಕೇಳು’ ಅನ್ನುವ ಉತ್ತರವೇ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸಾವಿರಕ್ಕಿಂತ ಕಡಿಮೆ ಜನ ಇರುವ ಕಡೆ ಮುಂದಿನ ತಿಂಗಳ 7ನೇ ತಾರೀಖು ಮುಗಿಯುವುದರೊಳಗೆ, ಅದಕ್ಕಿಂತ ದೊಡ್ಡ ಕಡೆ 10ನೇ ತಾರೀಖು ಮುಗಿಯುವುದರೊಳಗೆ ಸಂಬಳ ಆಗಬೇಕು ಅಂತ 1936ರ ಕಾಯ್ದೆ ಹೇಳುತ್ತಿತ್ತು. ಗಲಾಟೆ ನಡೆದದ್ದು 12ನೇ ತಾರೀಖು. ಕ್ಯಾಲೆಂಡರ್ ನೋಡಿದರೆ ಅದು ಸುಮ್ನೆ ಬಂದ ದಿನ ಅನಿಸುವುದಿಲ್ಲ.

ಕೆಲಸದ ಗಂಟೆ ಬದಲಾಯಿಸುವುದಕ್ಕೂ ದಾರಿ ಇತ್ತು. ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಪ್ರಕಾರ ಇಂಥ ಬದಲಾವಣೆಗೆ 21 ದಿನ ಮುಂಚೆ ನೋಟಿಸ್ ಕೊಡಬೇಕಿತ್ತು. 20 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದ ಕಡೆ ದೂರು ಕೇಳುವ ಸಮಿತಿ ಇರಬೇಕು ಅಂತ 2010ರಲ್ಲೇ ಅದೇ ಕಾಯ್ದೆಗೆ ಸೇರಿಸಿದ್ದರು. ಅದರಲ್ಲಿ ಅರ್ಧ ಜನ ಕೆಲಸಗಾರರ ಕಡೆಯವರು. ಕಾಗದದ ಮೇಲೆ ಕಿವಿಗೆ ಬರ ಇರಲಿಲ್ಲ.

ಹಾಗಾದರೆ ಯೂನಿಯನ್? ಕೆಲಸಗಾರರು ಹೊಸಬರು. ಬಹಳಷ್ಟು ಜನ ಸೇರಿ ಕೆಲವೇ ತಿಂಗಳಾಗಿತ್ತು. ಆರು ಏಜೆನ್ಸಿಗಳಲ್ಲಿ ಹಂಚಿಹೋದವರು. ಯೂನಿಯನ್ ಬಂದರೆ ಕಂಪನಿ ಹೋಗಿಬಿಡುತ್ತದೆ ಅಂತ ಹೆದರುವ ಆಡಳಿತಗಳು ನಮ್ಮಲ್ಲಿ ಬೇಕಾದಷ್ಟಿವೆ. ಯೂನಿಯನ್ ಇದ್ದಿದ್ದರೆ ನವೆಂಬರ್‌ನಲ್ಲಿ ಗೇಟಿನ ಮುಂದೆ ಒಂದು ಧರಣಿ ಆಗುತ್ತಿತ್ತು, ನಾಲ್ಕು ಘೋಷಣೆ ಕೇಳುತ್ತಿತ್ತು, ಎರಡು ದಿನ ಲೈನ್ ನಿಲ್ಲುತ್ತಿತ್ತು. ಅದರಿಂದ ಆಗುವ ನಷ್ಟವನ್ನೂ ಡಿಸೆಂಬರ್ 12ರ ನಷ್ಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಗಾಜು ಒಡೆದ ಮೇಲೆ

ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಅಂತ ಇತ್ತು. ಕೆಲವೇ ದಿನದಲ್ಲಿ ವಿಸ್ಟ್ರಾನ್ ತೈವಾನಿನಲ್ಲಿ ಹೂಡಿಕೆದಾರರಿಗೆ ಹೇಳಿದ ಅಂದಾಜು 10ರಿಂದ 20 ಕೋಟಿ ತೈವಾನ್ ಡಾಲರ್, ಅಂದರೆ ಸುಮಾರು 26ರಿಂದ 52 ಕೋಟಿ ರೂಪಾಯಿ. ಎಲ್ಲಿ 437, ಎಲ್ಲಿ 52! ಐದು ದಿನದ ಹಾಜರಾತಿ ತಪ್ಪಿದೆ ಅಂತ ಒಬ್ಬ ಕೆಲಸಗಾರ ಹೇಳಿದರೆ ಅದನ್ನು ಸಾಬೀತು ಮಾಡುವ ಹೊಣೆ ಅವನದ್ದು. ಇಲ್ಲಿ ಲೆಕ್ಕ ಎಂಟು ಪಟ್ಟಿಗಿಂತ ಜಾಸ್ತಿ ತಪ್ಪಿದರೂ ಯಾರೂ ಹುಬ್ಬೇರಿಸಲಿಲ್ಲ.

ಸಾವಿರಾರು ಜನರ ಮೇಲೆ ಕೇಸ್ ಆಯಿತು. ನೂರೈವತ್ತರ ಆಸುಪಾಸು ಜನರನ್ನು ಹಿಡಿದರು. ಸಂಬಳ ಸರಿಯಾಗಿ ಸಿಗದ ಹುಡುಗನ ಅಪ್ಪ ಅಮ್ಮ ಕೋಲಾರದ ಕೋರ್ಟಿಗೆ, ವಕೀಲರ ಮನೆಗೆ ಅಲೆಯಬೇಕಾಯಿತು. ಅವರಲ್ಲಿ ಎಷ್ಟು ಜನ ನಿಜಕ್ಕೂ ಕಲ್ಲು ಎತ್ತಿದವರು, ಎಷ್ಟು ಜನ ವಿಡಿಯೊದಲ್ಲಿ ಸುಮ್ಮನೆ ನಿಂತವರು ಅನ್ನುವ ಮಾತು ಆ ಗದ್ದಲದಲ್ಲಿ ಯಾರಿಗೂ ಬೇಕಿರಲಿಲ್ಲ.

ರಾಜ್ಯ ಸರ್ಕಾರಕ್ಕೆ ಹೂಡಿಕೆ ಓಡಿಹೋಗುತ್ತದೇನೋ ಅನ್ನುವ ದಿಗಿಲು. ಮೊದಲ ದಿನಗಳ ಮಾತೆಲ್ಲ ಗೂಂಡಾಗಿರಿ, ಪಿತೂರಿ ಅಂತಲೇ. ಒಂದೇ ವಾರದಲ್ಲಿ ಮಾತಿನ ದಿಕ್ಕು ತಿರುಗಿತು. ತಿರುಗಿಸಿದ್ದು ಕ್ಯಾಲಿಫೋರ್ನಿಯಾ. ಡಿಸೆಂಬರ್ 19ರಂದು ಆಪಲ್ ಹೇಳಿತು: ಕೆಲಸದ ಗಂಟೆಯನ್ನು ಸರಿಯಾಗಿ ನಿಭಾಯಿಸದೆ ವಿಸ್ಟ್ರಾನ್ ನಮ್ಮ ಪೂರೈಕೆದಾರರ ನಿಯಮ ಮುರಿದಿದೆ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿದೆ, ಸರಿಪಡಿಸುವ ತನಕ ಅವರಿಗೆ ಹೊಸ ಕೆಲಸ ಕೊಡುವುದಿಲ್ಲ. ಅದೇ ದಿನ ವಿಸ್ಟ್ರಾನ್ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಕೋಲಾರದ ಹುಡುಗನ ದೂರು ಅವನ ಸೂಪರ್‌ವೈಸರ್ ತನಕ ಹೋಗಲಿಲ್ಲ. ಆದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಂದ ತೈವಾನಿಗೆ ಹೋಗಿ ಮತ್ತೆ ನರಸಾಪುರಕ್ಕೆ ಬಂತು. ಎಷ್ಟು ಸುತ್ತು ನೋಡಿ, ಅಲ್ವಾ? ಮಾರುವವನಿಗೆ ಹೆಸರು ಕೆಡುವ ಭಯ ಇದ್ದದ್ದಕ್ಕೆ ಅದಾದರೂ ಆಯಿತು. ಹೆಸರೇ ಇಲ್ಲದ ಬಟ್ಟೆ, ಹೆಸರೇ ಇಲ್ಲದ ಬಿಡಿಭಾಗ ತಯಾರಿಸುವ ಶೆಡ್‌ನಲ್ಲಿ ಇದೇ ಸಂಬಳ ತಪ್ಪಿದ್ದರೆ ಯಾವ ಕ್ಯಾಲಿಫೋರ್ನಿಯಾ ಮಾತಾಡುತ್ತಿತ್ತು?

ಮುಂದಿನ ಎರಡು ತಿಂಗಳಲ್ಲಿ ಆಪಲ್‌ನವರು ಮತ್ತು ಹೊರಗಿನ ಆಡಿಟರ್‌ಗಳು ಅಲ್ಲಿ ಕೂತರು. ನೇಮಕಾತಿಯ ತಂಡ ಬದಲಾಯಿತು, ಸಂಬಳದ ಹೊಸ ವ್ಯವಸ್ಥೆ ಬಂತು, ಎಲ್ಲರ ಬಾಕಿ ಪೂರ್ತಿ ಕೊಟ್ಟಿದ್ದೇವೆ ಅಂತ 2021ರ ಫೆಬ್ರುವರಿಯಲ್ಲಿ ವಿಸ್ಟ್ರಾನ್ ಹೇಳಿತು. ಆಮೇಲೆ ಫ್ಯಾಕ್ಟರಿ ಮತ್ತೆ ಶುರುವಾಯಿತು.

ಈ ಎಲ್ಲ ಸುಧಾರಣೆಗಳಲ್ಲಿ ನನ್ನ ಕಣ್ಣು ನಿಂತದ್ದು ಒಂದರ ಮೇಲೆ. ದಿನದ 24 ಗಂಟೆಯೂ ದೂರು ಹೇಳಬಹುದಾದ ಫೋನ್ ಲೈನ್ ಒಂದನ್ನು ಕಂಪನಿ ತೆರೆಯಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್, ಐದು ಭಾಷೆಯಲ್ಲಿ. ಕೋಲಾರದ ಕಡೆ ಒಂದೇ ಮನೆಯಲ್ಲಿ ಮೂರು ಭಾಷೆ ಆಡುತ್ತಾರೆ, ಆಂಧ್ರ ತಮಿಳುನಾಡು ಎರಡೂ ಹತ್ತಿರ. ಅದು ಫ್ಯಾಕ್ಟರಿ ಕಟ್ಟಿದ ದಿನವೂ ಹಾಗೇ ಇತ್ತು. ಆ ಫೋನಿಗೆ ಆಗುವ ಖರ್ಚು ಒಂದು ಕಾರಿನ ಗಾಜಿಗಿಂತ ಬಹಳ ಹೆಚ್ಚೇನೂ ಆಗಿರಲಾರದು. ಹೆಸರು ಹೇಳದೆ ದೂರು ಕೊಡಬಹುದು ಅಂತಲೂ ಹೇಳಿದರು. ಒಳ್ಳೆಯದೇ. ಹೆಸರು ಹೇಳಿದರೆ ಏನಾಗಬಹುದು ಅನ್ನುವುದು ಎರಡೂ ಕಡೆಯವರಿಗೆ ಗೊತ್ತಿತ್ತು ಅಂತಲೂ ಅದರಿಂದ ಗೊತ್ತಾಗುತ್ತದೆ.

ಈಗ

2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ಆ ಫ್ಯಾಕ್ಟರಿಯನ್ನು ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರುವುದಾಗಿ ಹೇಳಿತು, 12.5 ಕೋಟಿ ಅಮೆರಿಕನ್ ಡಾಲರ್‌ಗೆ. ಐಫೋನ್ ಜೋಡಿಸುವ ಮೊದಲ ಭಾರತೀಯ ಕಂಪನಿ ಅಂತ ಅದಕ್ಕೆ ಹೆಸರು ಬಂತು.

ಅದೇ ವರ್ಷ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆ ಮೀರದ ಹಾಗೆ, ಬಿಡುವೂ ಸೇರಿ, ದಿನಕ್ಕೆ ಹನ್ನೆರಡು ಗಂಟೆ ತನಕ ದುಡಿಸಿಕೊಳ್ಳಲು ಅದು ದಾರಿ ಮಾಡಿತು. ಅದಕ್ಕೆ ಕೆಲಸಗಾರ ಬರೆದು ಒಪ್ಪಿಗೆ ಕೊಡಬೇಕು ಅಂತ ಅದರಲ್ಲಿತ್ತು. ಸೇರುವ ದಿನವೇ ಹತ್ತು ಹಾಳೆಯ ಕಟ್ಟಿನೊಳಗೆ ಅದನ್ನೂ ಇಟ್ಟು ಸಹಿ ಹಾಕಿಸಿಕೊಂಡರೆ, ಮುಂದೊಂದು ದಿನ ‘ನಾನು ಒಪ್ಪಲ್ಲ’ ಅಂತ ಅವನು ಹೇಳಬೇಕಾದರೆ ಯಾರಿಗೆ ಹೇಳುವುದು, ಏಜೆನ್ಸಿಗೋ ಕಂಪನಿಗೋ?